ಮೂಟೆ ಹೊತ್ತವಳಿಗೆ ಒಂದು ಸಾಲು

ನಿಘಂಟಿನ ಹೊಸ ಆವೃತ್ತಿಯಲ್ಲಿ ‘ಕ್ಯಾರಿ’ ಎಂಬ ಇಂಗ್ಲಿಷ್ ಕ್ರಿಯಾಪದದ ಕೆಳಗಿದ್ದ ‘ಅವಳು ಮೂಟೆ ಹೊತ್ತಳು’ ಎಂಬ ಉದಾಹರಣೆಯನ್ನು ಅಚ್ಚಿಗೆ ಮುಂಚೆ ಪ್ರಧಾನ ಸಂಪಾದಕರು ಹೊಡೆದುಹಾಕಿದ್ದಾರೆ. ಆ ಜಾಗದಲ್ಲಿ ‘ವಿಮಾನವು ಪ್ರಯಾಣಿಕರನ್ನು ಒಯ್ಯುತ್ತದೆ’ ಎಂದು ಬರೆದಿದ್ದಾರೆ.

ಮೂಟೆಯ ಸಾಲು ಬರೆದವರು ಈಗ, ಬೆಳಕು ಇನ್ನೂ ಸರಿಯಾಗಿ ಹರಿಯದ ಹೊತ್ತಿನಲ್ಲಿ, ತರಕಾರಿ ಮಂಡಿಯ ಬಾಗಿಲಲ್ಲಿ ನಿಂತು ಚಪ್ಪಲಿಗಂಟಿದ ಕೋಸಿನ ಎಲೆ ಕೊಡವುತ್ತಿದ್ದಾರೆ. ಆಲೂಗಡ್ಡೆ ಮೂಟೆಗಳ ಮೇಲಿಂದ ಒಂದು ಕೂಗು ಬರುತ್ತದೆ: “ಪದದಕ್ಕ ಬಂದ್ಲು! ಬಾಯಿ ಮುಚ್ಕೊಳ್ರಪ್ಪ, ಬರ್ಕೊಂಡ್ಬಿಡ್ತಾಳೆ!”

“ಹೊಸ ಬೈಗುಳ ಇದ್ರೆ ಬೈಯಣ್ಣ. ಹಳೇವೆಲ್ಲ ಆಗ್ಲೇ ಸೇರ್ಸಿದೀನಿ.”

ಮಂಡಿಗೆ ಪದದಕ್ಕ, ಕಚೇರಿಗೆ ‘ಆ ಗುತ್ತಿಗೆಯವರು’. ಇಂಗ್ಲಿಷ್ ಪದಕ್ಕೆ ನಮ್ಮ ಭಾಷೆಯಲ್ಲಿ ಅರ್ಥ ಕೊಡುವುದು ಕೆಲಸ. ಮೆಟ್ಟಿಲ ಕೆಳಗೆ ಮೇಜು; ಮೇಲೆ ಯಾರಾದರೂ ಓಡಿದರೆ ಹಾಳೆಯ ಮೇಲೆ ಸುಣ್ಣ ಉದುರುತ್ತದೆ. ಇವರದೊಂದು ಹಟವಿದೆ: ಕಣ್ಣಾರೆ ಕಾಣದ, ಕೈಯಾರೆ ಮಾಡದ ಕೆಲಸಕ್ಕೆ ಅರ್ಥ ಬರೆಯುವುದಿಲ್ಲ. ‘ಸ್ಟಿಚ್’ ಬಂದಾಗ ದರ್ಜಿಯ ಪಕ್ಕ ಕೂತು ಗುಂಡಿ ಹೊಲಿದರು. “‘ಸ್ವಿಮ್’ ಮಾತ್ರ ದಡದಲ್ಲೇ ನಿಂತು ಬರೆದೆ” ಎಂದು ನಗುತ್ತಾರೆ. “ನಿಘಂಟಿಗೋಸ್ಕರ ಮುಳುಗಕ್ಕಾಗತ್ತಾ?”

‘ಕ್ಯಾರಿ’ ಬಂದಾಗ ಈ ಮಂಡಿಗೆ ಬಂದರು. ಮೊದಲ ಕರಡಿನಲ್ಲಿ ‘ಎತ್ತು, ಹೊರು’ ಎರಡನ್ನೂ ಒಟ್ಟಿಗೆ ಕೂರಿಸಿದ್ದರು. ಪರೀಕ್ಷಿಸೋಣವೆಂದು ಸೆರಗು ಸಿಕ್ಕಿಸಿ, ಬಗ್ಗಿ, ಈರುಳ್ಳಿ ಮೂಟೆಯೊಂದನ್ನು ತಾವೇ ಎತ್ತಲು ಹೋದರು. ಮೂಟೆ ಅಲುಗಲಿಲ್ಲ, ಮಂಡಿಗೆ ಮಂಡಿಯೇ ಬಿದ್ದು ಬಿದ್ದು ನಕ್ಕಿತು. ಇಲ್ಲಿ ಹೊರುವವರು ಎತ್ತುವುದಿಲ್ಲ. ಇಬ್ಬರು ಎತ್ತಿ ತಲೆಯ ಮೇಲಿಡುತ್ತಾರೆ, ಮೂರನೆಯವರು ಹೊರುತ್ತಾರೆ. ಹೊತ್ತವರು ಒಮ್ಮೆ ‘ದಾರಿ!’ ಎಂದು ಕೂಗಿದರೆ ಮಂಡಿಯ ಮಾಲೀಕನೂ ಪಕ್ಕಕ್ಕೆ ಸರಿಯಬೇಕು. ಯಾವ ಸರ್ಕಾರವೂ ಮಾಡದ, ಯಾರೂ ಮುರಿಯದ ಕಾನೂನು. ಅಂದೇ ಪದದಕ್ಕ ಎರಡು ಪದಗಳನ್ನು ಬಿಡಿಸಿ ಬೇರೆ ಬೇರೆ ಸಾಲಿನಲ್ಲಿ ಇಟ್ಟರು. ಅಂದು ತಲೆಯ ಮೇಲೆ ಅರ್ಧ ಮೂಟೆ ಇಡಿಸಿಕೊಂಡು ನಾಲ್ಕು ಹೆಜ್ಜೆ ನಡೆದೇಬಿಟ್ಟರು.

“ಇಂಗ್ಲಿಷಿನೋರ ‘ಕ್ಯಾರಿ’ ಗಾಡಿ ಹತ್ತಿ ಬಂದಿದ್ದು” ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಗಾಡಿಗಿದ್ದ ಹೆಸರು ಫ್ರೆಂಚರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ರಸ್ತೆಯ ಮೇಲಿನ ಕಾರು ಅದರ ದಾಯಾದಿ. ಅದಕ್ಕೂ ಮುಂಚೆ ಇಂಗ್ಲಿಷಿನವರ ಮನೆಯಲ್ಲಿದ್ದ ಪದ ‘ಬೇರ್’: ಹೊರುವುದೂ ಅದೇ, ತಾಳಿಕೊಳ್ಳುವುದೂ ಅದೇ, ಹೆರುವುದೂ ಅದೇ. ಭಾರದ್ದನ್ನು ಏದುಸಿರು ಬಿಡುತ್ತ ಎಳೆದೊಯ್ದರೆ ‘ಲಗ್’. ಇನ್ನು ‘ಕ್ಯಾರಿ’ ಎಲ್ಲೆಲ್ಲಿ ನುಗ್ಗುತ್ತದೆ ನೋಡಿ: ದನಿ ದೂರಕ್ಕೆ ಕೇಳಿಸಿದರೂ ‘ಕ್ಯಾರಿ’, ಅಂಗಡಿಯಲ್ಲಿ ಸಾಮಾನು ಇಟ್ಟು ಮಾರಿದರೂ ‘ಕ್ಯಾರಿ’, ಸಭೆಯಲ್ಲಿ ಠರಾವು ಗೆದ್ದರೂ ‘ಕ್ಯಾರಿ’, ಕೂಡುವ ಲೆಕ್ಕದಲ್ಲಿ ‘ಕೈಲಿ ಒಂದು’ ಅಂದರೂ ‘ಕ್ಯಾರಿ’. “ಒಂದೇ ಇಂಗ್ಲಿಷ್ ಸೊಸೆ, ಇಷ್ಟೊಂದು ಮನೆ ಕೆಲಸ!”

ಸೊಸೆಯ ಮಾತು ಬಂತಲ್ಲ. ಇವರ ಅತ್ತೆ ಇದೇ ಮಂಡಿಯಲ್ಲಿ ಮೂಟೆ ಹೊತ್ತು ಮಗನನ್ನು ಓದಿಸಿದವರು. ಈಗ ಮನೆಯ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಾರೆ. ನೆತ್ತಿಯಲ್ಲಿ ಇನ್ನೂ, ಮೂಟೆಯ ಕೆಳಗೆ ಇಡುತ್ತಿದ್ದ ಬಟ್ಟೆಯ ಸಿಂಬೆಯ ತಗ್ಗು. “ನನ್ ಸೊಸೆ ಪದ ಹೊರ್ತಾಳೆ. ಗ್ರಾಂ ತೂಕ ಇಲ್ಲ, ಬೆನ್ನುನೋವು ಮಾತ್ರ ನನಗಿಂತ ಜಾಸ್ತಿ! ನನ್ನನ್ನ ಪುಸ್ತಕಕ್ಕೆ ಹಾಕಿದೀನಿ ಅಂತ ಒಂದ್ಸಲ ತೋರಿಸಿದ್ಲು. ನಂಗೆ ಓದಕ್ಕೆಲ್ಲಿ ಬರತ್ತೆ? ಬೆರಳಿಟ್ಟು ನೋಡ್ದೆ, ಅಷ್ಟೆ.”

‘ಅವಳು ಮೂಟೆ ಹೊತ್ತಳು’ ಎಂಬ ಸಾಲಿನ ‘ಅವಳು’ ಈ ಅತ್ತೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ ಮರೆಯಲ್ಲೇ ಬಿಡುವುದು ನಮ್ಮ ಹಳೆಯ ಚಾಳಿ. ಆ ಎಲೆ ಯಾರದು, ಅದನ್ನು ಅಲ್ಲಿ ಹಿಡಿದು ನಿಂತವರು ಯಾರು ಎಂದು ಯಾರೂ ಕೇಳುವುದಿಲ್ಲ.

ಮಂಡಿಯಿಂದ ಕಚೇರಿಗೆ ಬಂದರೆ ಮೆಟ್ಟಿಲ ಕೆಳಗಿನ ಮೇಜಿನ ಬಳಿ ಪ್ರಧಾನ ಸಂಪಾದಕರು ಕಾಯುತ್ತಿದ್ದಾರೆ. ‘ಕ್ಯಾರಿ’ಯ ಪುಟ ಇಂದೇ ಅಚ್ಚಿಗೆ ಹೋಗಬೇಕು. ಅರ್ಥ ಬರೆದವರ ಸಹಿಯಿಲ್ಲದೆ ಹೋಗದು. ಕೆಟ್ಟ ಮನುಷ್ಯರಲ್ಲ, ತಾವೇ ಚಹಾ ತರಿಸುತ್ತಾರೆ.

“ಮೂಟೆ ಗೀಟೆ ಯಾಕಮ್ಮ? ಓದೋರು ಮರ್ಯಾದಸ್ಥರು. ವಿಮಾನ ನೀಟಾಗಿದೆ. ಸಹಿ ಹಾಕಿಬಿಡಿ.”

“ವಿಮಾನಾನೂ ಇರ್ಲಿ ಸಾರ್. ಮೂಟೆ ಆದ್ಮೇಲೆ ಬರ್ಲಿ.”

“ಜಾಗ ಒಂದೇ ಸಾಲಿನದು. ಮುಂದಿನ ತಿಂಗಳು ನಿಮ್ಮ ಗುತ್ತಿಗೆ ನನ್ನ ಮೇಜಿಗೇ ಬರೋದು, ನೆನಪಿದೆಯಲ್ಲ?”

ಮೆಟ್ಟಿಲ ಮೇಲೆ ಯಾರೋ ಓಡುತ್ತಾರೆ. ಪುಟದ ಮೇಲೆ ಸುಣ್ಣ ಉದುರುತ್ತದೆ. ಪದದಕ್ಕ ಅದನ್ನು ಊದಿ, ಚಹಾ ಮುಗಿಸಿ, ಪೆನ್ನಿನ ಮುಚ್ಚಳ ಹಾಕುತ್ತಾರೆ.

“ಹೊತ್ತೋರು ಬಂದ್ರೆ ಪಕ್ಕಕ್ಕೆ ಸರೀಬೇಕು ಸಾರ್. ವಿಮಾನ ಸರೀಲಿ. ನಾನು ಸಹಿ ಹಾಕಲ್ಲ.”