ಕಲಘಟಗಿಯ ತೊಟ್ಟಿಲ ಮುಂದೆ ಒಂದು ಆಟ

ಧಾರವಾಡದಿಂದ ಕಲಘಟಗಿಯ ಬಸ್ಸು ಹೊರಟಾಗ ಬೆಳಿಗ್ಗೆ ಎಂಟೂವರೆ. ಶ್ರಾವಣದ ಭಾನುವಾರ, ಜಿಟಿಜಿಟಿ ಮಳೆ. ನನ್ನ ಆಧಾರ್ ಕಾರ್ಡ್ ನೋಡಿ ಕಂಡಕ್ಟರ್ ಬಿಟ್ಟಿ ಟಿಕೆಟ್ ಕೊಟ್ಟ. ತೊಡೆಯ ಮೇಲಿದ್ದ ರಟ್ಟಿನ ಪೆಟ್ಟಿಗೆ ಕಂಡು, "ಸೀರಿ ವ್ಯಾಪಾರೇನ್ರಿ ಅಕ್ಕಾರ?" ಎಂದ. "ಇಲ್ರಿ, ಆಟದ ಸಾಮಾನು" ಎಂದೆ. ನಂಬಿದಂತೆ ಕಾಣಲಿಲ್ಲ.

ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಕಲಘಟಗಿಯಲ್ಲಿ ಹಳೆಯ ಬಣ್ಣದ ತೊಟ್ಟಿಲುಗಳನ್ನೂ ಕಸೂತಿ ಸೀರೆಗಳನ್ನೂ ಇಟ್ಟ ಎರಡು ಕೋಣೆಗಳ ಪುಟ್ಟ ಸಂಗ್ರಹಾಲಯವಿದೆ. ಬಂದವರು ಐದು ನಿಮಿಷದಲ್ಲಿ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆಂದು ಅದನ್ನು ನೋಡಿಕೊಳ್ಳುವ ಈರಪ್ಪ ಮಾಸ್ತರರಿಗೆ ಬೇಸರ. ಮನೆಮಂದಿಯೆಲ್ಲ ಕೂಡಿ ಚಿತ್ರ ನೋಡುವಂಥ ಆಟ ಮಾಡಿಕೊಡಿ ಎಂದು ಕೇಳಿದ್ದರು. ಹದಿನೈದು ದಿನ ಕೂತು ಆಟದ ಚೀಟಿಗಳನ್ನು ಬರೆದಿದ್ದೆ.

ದಾರಿಯುದ್ದಕ್ಕೂ ಗೋವಿನಜೋಳದ ಹೊಲ, ಆಮೇಲೆ ಭತ್ತದ ಗದ್ದೆ. ಮೂವತ್ತು ಕಿಲೋಮೀಟರಿನ ಹಾದಿಗೆ ಒಂದೂಕಾಲು ಗಂಟೆ ಹಿಡಿಯಿತು. ನಿಲ್ದಾಣದಲ್ಲಿ ಗಿರಮಿಟ್ಟು ತಿಂದು, ಚಹಾ ಕುಡಿದು ಸಂಗ್ರಹಾಲಯಕ್ಕೆ ನಡೆದೆ.

ಮೊದಲು ಬಂದ ಮನೆಯವರು ಮಗು ಅತ್ತಿತೆಂದು ಆಟದ ನಡುವೆಯೇ ಎದ್ದುಹೋದರು. ನನ್ನ ಹುರುಪು ಅರ್ಧಕ್ಕೆ ಇಳಿದಿತ್ತು. ಹನ್ನೊಂದಕ್ಕೆ ದುಮ್ಮವಾಡದಿಂದ ಮೂವರು ಬಂದರು: ಅಜ್ಜಿ ನೀಲವ್ವ, ಸೊಸೆ ರೇಣುಕಾ, ಎಂಟು ವರ್ಷದ ಮೊಮ್ಮಗಳು ಗೌರಿ. ನಾನು ಮತ್ತೆ ಉತ್ಸಾಹ ತಂದುಕೊಂಡು ಚೀಟಿ ಓದಿದೆ: "ತಾಯಿ ತೊಟ್ಟಿಲಿಗೆ ಬೆನ್ನುಮಾಡಿ ಕೂಡಬೇಕು. ಮಗಳು ತೊಟ್ಟಿಲ ಮೇಲಿನ ಚಿತ್ರ ನೋಡಿ ಹೇಳಬೇಕು. ಕೇಳಿಸಿಕೊಂಡು ತಾಯಿ ಆ ಚಿತ್ರ ಬರೆಯಬೇಕು."

"ನಮ್ಮವ್ವ ಇಲ್ರಿ" ಎಂದಳು ಗೌರಿ.

ರೇಣುಕಾ ನೆಲ ನೋಡಿದಳು. ನೀಲವ್ವ ನನ್ನನ್ನು ಬಾಗಿಲ ಬಳಿ ಕರೆದೊಯ್ದು ಪಿಸುಗುಟ್ಟಿದರು: "ಹಡದಾಕಿ ತೀರಿಕೊಂಡಾಳ್ರಿ. ಈಕಿ ನನ್ನ ಮಗನ ಎರಡನೇ ಹೇಣ್ತಿ. ಬಂದು ಎಂಟ್ ತಿಂಗಳಾತು. ಹುಡುಗಿ ಆಕಿ ಕೈಲೇ ಉಣ್ಣತೈತಿ, ಆಕಿ ಬಾಜುಕ ಮಲಗತೈತಿ. ಆದ್ರ ಇವತ್ತಿನ ತನಕ ಆಕಿನ್ನ ಏನಂತನೂ ಕರದಿಲ್ಲ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಎಲ್ಲ ಮನೆಯಲ್ಲೂ ತಾಯಿ ಇರುತ್ತಾಳೆಂದು ನಾನೇಕೆ ಅಂದುಕೊಂಡೆ? ಪೆನ್ನು ತೆಗೆದು 'ತಾಯಿ' ಹೊಡೆದುಹಾಕಿ 'ಒಬ್ಬರು' ಎಂದು ತಿದ್ದಿದೆ. ಆಟವನ್ನೇ ಬಿಟ್ಟುಬಿಡೋಣ ಎನಿಸಿತ್ತು. ಅಷ್ಟರಲ್ಲಿ ರೇಣುಕಾ ತಾನಾಗಿಯೇ ಚಾಪೆಯ ಮೇಲೆ ಕೂತಳು. "ನನಗ ಚಿತ್ರ ಬರಂಗಿಲ್ರಿ. ಗೌರಿ ಹೇಳಿದಂಗ ಗೀಟು ಹಾಕತೀನಿ."

ಗೌರಿ ತೊಟ್ಟಿಲಿಗೇ ಹೇಳುವಂತೆ ಮೆಲ್ಲಗೆ ಶುರುಮಾಡಿದಳು. "ಒಂದ್ ಆನಿ ಐತಿ. ಬೆನ್ನ ಮ್ಯಾಲೆ ಗಿಣಿ ಐತಿ. ಸೊಂಡಿ ಮ್ಯಾಲಕ್ಕ ಎತ್ತಿ ನಿಂತೈತಿ." ರೇಣುಕಾ ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದಳು. ಗೌರಿ ಬಗ್ಗಿ ಇಣುಕಿ ನೋಡಿ ಕಿಸಕ್ಕನೆ ನಕ್ಕಳು.

"ಅಯ್ಯ ಚಿಗವ್ವಾ, ಅದು ಬಾಲ! ಸೊಂಡಿ ಈ ಬಾಜು ಬರಬೇಕು!"

ನಮ್ಮ ಕಡೆ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ. ಪೆನ್ಸಿಲ್ ನಿಂತಿತು.

"ಯಾವ ಬಾಜುಕವ್ವಾ?" ರೇಣುಕಾ ತಿರುಗದೆ ಕೇಳಿದಳು.

"ಎಡಕ, ಚಿಗವ್ವ. ಎಡಕ!"

ನೀಲವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

ಹತ್ತು ನಿಮಿಷದ ಆಟಕ್ಕೆ ಅವರು ಒಂದು ಗಂಟೆ ಕೂತರು. ಗಿಣಿಯ ಕೊಕ್ಕಿಗೆ ಬಣ್ಣ ಹಚ್ಚುವುದನ್ನೇ ಚಿತ್ರಗಾರ ಮರೆತಿದ್ದಾನೆಂದು ಗೌರಿಯೇ ಕಂಡುಹಿಡಿದಳು. "ಆರು ವರ್ಷದಿಂದ ಧೂಳ ಒರಸಾಕತ್ತೀನಿ, ನಾನೂ ನೋಡಿದ್ದಿಲ್ಲ ನೋಡ್ರಿ!" ಎಂದು ಮಾಸ್ತರರು ಕನ್ನಡಕ ಒರೆಸಿಕೊಂಡು ಬಗ್ಗಿದರು. ರೇಣುಕಾ ಬರೆದ ಆನೆಯನ್ನು ಗೋಡೆಗೆ ಹಚ್ಚೋಣವೆಂದು ಅವರು ಕೈ ಚಾಚಿದಾಗ ಗೌರಿ ಕೊಡಲಿಲ್ಲ. "ನಮ್ಮಪ್ಪಗ ತೋರಸಬೇಕ್ರಿ."

ಅವರು ಪೇಟೆಯ ಕೆಲಸ ಮುಗಿಸಿ ಬಂದ ಮೇಲೆ, ಸಂಜೆ ನಾಲ್ಕರ ಬಸ್ಸಿಗೆ ನಾವು ನಾಲ್ವರೂ ಹತ್ತಿದೆವು. ದಾರಿಯಲ್ಲಿ ಉಳಿದ ಚೀಟಿಗಳನ್ನೆಲ್ಲ ತಿದ್ದುತ್ತ ಕೂತೆ. ದುಮ್ಮವಾಡ ಬಂದಾಗ ಮಳೆ ಜೋರಾಗಿತ್ತು. ಇಳಿದ ಕೂಡಲೇ ಗೌರಿ ಚಿತ್ರವನ್ನು ರೇಣುಕಾಳ ಸೆರಗಿನೊಳಗೆ ತುರುಕಿ ಅಜ್ಜಿಯ ಕೊಡೆಯಡಿ ಓಡಿದಳು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಸೆರಗನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡು ರೇಣುಕಾ ಮಳೆಯಲ್ಲೇ ನಡೆಯುತ್ತಿದ್ದಳು. ಗೌರಿ ಕೊಡೆಯಡಿಯಿಂದ ಅವಳನ್ನು ಕೂಗಿ ಕರೆಯುತ್ತಿದ್ದಳು. ಗಾಜಿನ ಈಚೆ ನನಗೆ ಮಾತು ಕೇಳಿಸಲಿಲ್ಲ. ರೇಣುಕಾ ಮಾತ್ರ ಓಗೊಟ್ಟು ಓಡಿದ್ದು ಕಾಣಿಸಿತು.