ಒಂಟೆಯ ಪಕ್ಕದಲ್ಲಿ ನಡೆದು ಬಂದವರು

ಕಳೆದ ತಿಂಗಳು ಮೂಡುಬಿದಿರೆಯಲ್ಲಿ ಬಸ್ಸಿಳಿದು ತಂಗಿಯ ಮನೆಯ ಕಡೆ ನಡೆಯುತ್ತಿದ್ದಾಗ ಕಾಲೇಜಿನ ಮೈದಾನದ ಬದಿಯಿಂದ ಒಂದು ವಾಸನೆ ಬಂತು. ಒದ್ದೆ ಕಂಬಳಿಯೂ ಒಣಹುಲ್ಲೂ ಒಟ್ಟಿಗೆ ಕೊಳೆತಂಥ ವಾಸನೆ. ಬೇಲಿಯಾಚೆ ಒಂದು ಒಂಟೆ ಮಲಗಿತ್ತು. ಯಾವುದೋ ಮೇಳಕ್ಕೆ, ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸಲು ತಂದಿದ್ದರಂತೆ. ‘ಅಜ್ಜ, ನೀವೂ ಕೂತುಕೊಳ್ಳಿ’ ಎಂದು ಜತೆಗಿದ್ದ ಮೊಮ್ಮಗಳು ಕೈ ಎಳೆದಳು. ಮೊಣಕಾಲು ನೋವು ಎಂದೆ. ನಿಜ ಹೇಳಬೇಕೆಂದರೆ, ಅದರ ಹತ್ತಿರ ನಿಲ್ಲುವುದಕ್ಕೇ ನನ್ನಿಂದ ಆಗಲಿಲ್ಲ. ಮಾಷ್ಟ್ರು ನೆನಪಾದರು...

ಐವತ್ತರ ದಶಕದಲ್ಲಿ ನರಿಕೊಂಬಿನ ಶಾಲೆಯಲ್ಲಿ ನನಗೆ ನಾಲ್ಕು ವರ್ಷ ಪಾಠ ಮಾಡಿದವರು ಅವರು. ಭೂಗೋಳದಲ್ಲಿ ಮರುಭೂಮಿಯ ಪಾಠ ಬಂದರೆ ತರಗತಿಯೊಳಗೆ ನಿಲ್ಲುತ್ತಿರಲಿಲ್ಲ. ಬೇಸಗೆಯಲ್ಲಿ ನೇತ್ರಾವತಿ ಸೊರಗಿ ಹೊಯ್ಗೆ ಮೇಲೆದ್ದಿರುತ್ತಿತ್ತು. ನಮ್ಮನ್ನು ಅಲ್ಲಿಗೆ ಕರೆದೊಯ್ದು, ಹೊಳೆಗೆ ಬೆನ್ನು ಹಾಕಿ ನಿಲ್ಲಿಸಿ, ‘ಈ ಹೊಯ್ಗೆ ಇಲ್ಲಿಂದ ಮಂಗಳೂರಿನವರೆಗೆ ಉಂಟು, ಹೊಳೆ ಇಲ್ಲವೇ ಇಲ್ಲ ಅಂತ ಎಣಿಸಿ’ ಎನ್ನುತ್ತಿದ್ದರು. ನಮಗೆ ಹಾಗೆ ಎಣಿಸಲಿಕ್ಕೆ ಆಗುತ್ತಿರಲಿಲ್ಲ. ‘ನನಗೂ ಆಗುವುದಿಲ್ಲ ಮಾರಾಯ್ರೆ, ಒಮ್ಮೆ ಹೋಗಿ ನೋಡಬೇಕು’ ಎಂದು ಅವರೇ ನಗುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂರಿಸಿ ನನಗೆ ಹಿಂದಿ ಕಲಿಸಿದವರೂ ಅವರೇ. ಆ ಹಿಂದಿಯಿಂದಾಗಿಯೇ ನನಗೆ ಮುಂಬಯಿಯ ಒಂದು ಬಟ್ಟೆ ಕಂಪೆನಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅರವತ್ತರ ದಶಕದ ನಡುವೆ ಕಂಪೆನಿ ನನ್ನನ್ನು ಜೋಧಪುರದ ಶಾಖೆಗೆ ಹಾಕಿತು. ಮಾಷ್ಟ್ರು ಆಗ ತಾನೇ ನಿವೃತ್ತರಾಗಿದ್ದರು. ‘ಬನ್ನಿ, ಮರುಭೂಮಿ ತೋರಿಸುತ್ತೇನೆ’ ಎಂದು ಕಾಗದ ಬರೆದೆ. ಬರೆದದ್ದು ಮನಸ್ಸಿನಿಂದಲೇ. ಅವರು ಬಂದೇ ಬಿಟ್ಟರು... ಮೂರು ರೈಲು ಬದಲಿಸಿ, ಮಂಡಿಯವರೆಗಿನ ಪಂಚೆ, ಹೆಗಲಲ್ಲೊಂದು ಶಾಲು, ಕಂಕುಳಲ್ಲಿ ಕೊಡೆ, ಕೈಚೀಲದ ತುಂಬ ಅವರ ಹೆಂಡತಿ ಮಾಷ್ಟ್ರಮ್ಮ ನನಗೆಂದು ಮಾಡಿ ಕಳಿಸಿದ ಹಲಸಿನ ಹಪ್ಪಳ.

ಅದೇ ವಾರ ಮುಂಬಯಿಯಿಂದ ನಮ್ಮ ದೊಡ್ಡ ಅಧಿಕಾರಿಯೊಬ್ಬರು ಹೆಂಡತಿಯೊಡನೆ ಬಂದಿಳಿದರು. ಒಂಟೆಯ ಮೇಲೆ ಮರಳುಗಾಡಿಗೆ ಹೋಗಿ ಒಂದು ರಾತ್ರಿ ಅಲ್ಲೇ ತಂಗಬೇಕೆಂದು ಅವರಿಗೆ ಆಸೆ. ಏರ್ಪಾಡು ನನ್ನ ಪಾಲಿಗೆ ಬಂತು. ಅವರ ಒಂದು ಮಾತಿನಿಂದ ನನಗೆ ಬಡ್ತಿ ಸಿಗುವುದರಲ್ಲಿತ್ತು. ಮೂವರಿಗೆ ಮೂರು ಒಂಟೆ ಹೇಳಿ, ಮಾಷ್ಟ್ರಿಗೆಂದು ನಾಲ್ಕನೆಯದನ್ನೂ ಹೇಳಿದೆ. ಹೊರಡುವ ಹಿಂದಿನ ರಾತ್ರಿ ಮಾಷ್ಟ್ರು ನಿದ್ದೆಯೇ ಮಾಡಲಿಲ್ಲ. ‘ಒಂಟೆ ಏಳುವಾಗ ಯಾವ ಕಾಲು ಮೊದಲು ಏಳುವುದು ಅಂತ ನಾನು ಇಷ್ಟು ವರ್ಷ ಮಕ್ಕಳಿಗೆ ಹೇಳಲೇ ಇಲ್ಲ. ನಾಳೆ ನೋಡ್ತೇನೆ’ ಎಂದರು.

ಮರುದಿನ ಸಂಜೆ ಮರಳುಗಾಡಿಗೆ ತಾಗಿದ ಒಂದು ಹಳ್ಳಿಯ ಅಂಚಿನಲ್ಲಿ ಒಂಟೆಗಳು ಕಾದಿದ್ದವು. ಮಾಷ್ಟ್ರು ಹತ್ತಿ ಕೂತರು. ಒಂಟೆ ಹಿಂದಿನ ಕಾಲನ್ನು ಮೊದಲು ಎತ್ತಿತು. ಅವರು ಮುಂದಕ್ಕೆ ಮುಗ್ಗರಿಸಿ ಅದರ ಕುತ್ತಿಗೆಯನ್ನು ತಬ್ಬಿಕೊಂಡರು. ಕೊಡೆ ಕೆಳಗೆ ಬಿತ್ತು, ಪಂಚೆ ತೊಡೆಗೇರಿತು. ಹೆದರಿ ‘ಅಯ್ಯಯ್ಯೋ’ ಎಂದವರು ಮರುಕ್ಷಣ ಮಗುವಿನ ಹಾಗೆ ನಗತೊಡಗಿದರು. ಅಧಿಕಾರಿಯ ಹೆಂಡತಿಯೂ ನಕ್ಕರು. ಆ ನಗು ಬೇರೆ ತರದ್ದು. ಅಧಿಕಾರಿ ಮುಖ ಗಂಟಿಕ್ಕಿ, ಇದು ಯಾರು, ನಮ್ಮ ಜತೆಗೇಕೆ, ಎಂದು ಹಿಂದಿಯಲ್ಲಿ ಕೇಳಿದರು.

‘ಹಮಾರೇ ಘರ್ ಕಾ ನೌಕರ್ ಹೈ’ ಎಂದೆ. ನಮ್ಮ ಮನೆಯ ಆಳು.

ಯೋಚಿಸಲಿಲ್ಲ, ಬಾಯಿಂದ ಬಂದುಬಿಟ್ಟಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಯೋಚಿಸಿದ್ದೆ. ಹಿರಿಯರ ವಿಷಯ ಹೇಳುವಾಗ ‘ಹೈ’ ಎನ್ನಬಾರದು, ‘ಹೈಂ’ ಎನ್ನಬೇಕು ಎಂದು ಜಗಲಿಯಲ್ಲಿ ನನ್ನನ್ನು ತಿದ್ದಿ ತಿದ್ದಿ ಕಲಿಸಿದ ಮನುಷ್ಯ ಎರಡು ಮಾರು ದೂರದಲ್ಲಿ ಕೂತಿದ್ದರು. ಅವರಿಗೆ ಪೂರ್ತಿ ಕೇಳಿಸಿತು.

ಒಮ್ಮೆ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ತರಗತಿಯಲ್ಲಿ ಲೆಕ್ಕ ತಪ್ಪಿದ ಹುಡುಗನನ್ನು ನೋಡುವಂತೆ, ಎಲ್ಲಿ ತಪ್ಪಿದ ಎಂದು ಹುಡುಕುವಂತೆ... ಆಮೇಲೆ ಒಂಟೆಯನ್ನು ಕೂರಿಸಲು ಹೇಳಿ ಇಳಿದರು. ಅಧಿಕಾರಿ ಆ ಒಂಟೆಯ ಮೇಲೆ ಹಾಸಿಗೆಗಳನ್ನು ಹೇರಿಸಿದರು. ಮಾಷ್ಟ್ರು ಕೊಡೆ ಎತ್ತಿಕೊಂಡು, ತುಳುವಿನಲ್ಲಿ ನನಗೆ ಮಾತ್ರ ಕೇಳುವಂತೆ, ‘ನಾನು ನಡೆದೇ ಬರ್ತೇನೆ. ನೀನು ಗಾಬರಿ ಮಾಡಬೇಡ’ ಎಂದರು.

ಎರಡು ಗಂಟೆ ಮರಳಿನಲ್ಲಿ ನಡೆದರು, ಒಂಟೆಯವರ ಜತೆ. ನಾನು ಮೇಲೆ ಕೂತಿದ್ದೆ. ಹಿಂದಿರುಗಿ ನೋಡಲಿಲ್ಲ.

ದಿಬ್ಬಗಳ ನಡುವೆ ಇಳಿದ ಮೇಲೆ ಅವರು ನನ್ನ ಸುಳ್ಳನ್ನು ಎಷ್ಟು ಚೆನ್ನಾಗಿ ಕಾಪಾಡಿದರೆಂದರೆ, ಸಂಶಯಕ್ಕೆ ಎಡೆಯೇ ಇರಲಿಲ್ಲ. ಹಾಸಿಗೆ ಬಿಡಿಸಿದರು. ಚೊಂಬಿನಲ್ಲಿ ನೀರು ತಂದು ನನ್ನ ಕೈಗೂ ಹೊಯ್ದರು. ನನ್ನನ್ನು ‘ಸಾಬ್’ ಎಂದು ಕರೆದರು. ಬೆಂಕಿಯ ಮೇಲೆ ಹಪ್ಪಳ ಸುಟ್ಟು ತಟ್ಟೆಯಲ್ಲಿಟ್ಟು ತಂದುಕೊಟ್ಟರು. ಅಧಿಕಾರಿಯ ಹೆಂಡತಿ ಬಹಳ ಹೊಗಳಿ, ನಿಮ್ಮ ಆಳು ಒಳ್ಳೆಯವನು ಎಂದರು. ನಾನು ತಲೆಯಾಡಿಸಿ ಹಪ್ಪಳ ತಿಂದೆ. ಮಾಷ್ಟ್ರು ಆಚೆ ಒಂಟೆಯವರ ಜತೆ ಕೂತು, ನಾವು ಉಂಡಾದ ಮೇಲೆ ಉಂಡರು.

ಎಲ್ಲರೂ ಮಲಗಿದ ಮೇಲೆ ಅವರ ಹತ್ತಿರ ಹೋದೆ. ಶಾಲು ಹೊದ್ದು ಅಂಗಾತ ಮಲಗಿದ್ದರು. ಚಳಿಗೆ ನಡುಗುತ್ತಿದ್ದರು. ಕಂಬಳಿಗಳೆಲ್ಲ ನಮ್ಮ ಬಳಿ ಇದ್ದವು.

‘ಮಾಷ್ಟ್ರೇ...’ ಎಂದೆ.

‘ನಕ್ಷತ್ರ ಎಷ್ಟುಂಟು ನೋಡು ಮಾರಾಯ. ನಮ್ಮಲ್ಲಿ ಮರದ ಎಡೆಯಲ್ಲಿ ಇಷ್ಟು ಕಾಣುವುದಿಲ್ಲ’ ಎಂದರು. ಶಾಲನ್ನು ಕಿವಿಯವರೆಗೆ ಎಳೆದುಕೊಂಡು, ‘ಹೋಗು, ಮಲಗು. ಅವರು ಎದ್ದು ನೋಡಿದರೆ ನಿನಗೆ ಕಷ್ಟ’ ಎಂದರು.

ನಾನು ಹೋದೆ. ನನ್ನ ಕಂಬಳಿಯನ್ನಾದರೂ ಅವರಿಗೆ ಹೊದೆಸಿ ಹೋಗಬಹುದಿತ್ತು. ಅದನ್ನೂ ಮಾಡಲಿಲ್ಲ.

ಬೆಳಿಗ್ಗೆ ಅವರ ಅಂಗಾಲಿನಲ್ಲಿ ಬೊಕ್ಕೆ ಎದ್ದಿದ್ದವು. ಒಂಟೆಯವನೊಬ್ಬ ತನ್ನ ಒಂಟೆ ಹತ್ತುವಂತೆ ಒತ್ತಾಯಿಸಿದ. ಮಾಷ್ಟ್ರು ನನ್ನ ಕಡೆಗೊಮ್ಮೆ, ಅಧಿಕಾರಿಯ ಕಡೆಗೊಮ್ಮೆ ನೋಡಿ, ಬೇಡ ಎಂದು ಕೈಯಾಡಿಸಿದರು. ಎರಡು ದಿನ ಬಿಟ್ಟು ರೈಲು ಹತ್ತಿದರು. ಆ ಎರಡು ದಿನ ನಾವು ಹವೆಯ ವಿಷಯ, ಊರಿನ ವಿಷಯ ಮಾತಾಡಿದೆವು. ನನಗೆ ಬಡ್ತಿಯೂ ಸಿಕ್ಕಿತು.

ಮರುವರ್ಷ ರಜೆಯಲ್ಲಿ ಊರಿಗೆ ಬಂದಾಗ ಬಿ.ಸಿ.ರೋಡಿನಲ್ಲಿ ಬಸ್ಸಿಳಿಯುತ್ತಲೇ ಪರಿಚಯದವರೊಬ್ಬರು ಹಿಡಿದುಕೊಂಡರು. ‘ಮಾಷ್ಟ್ರನ್ನು ಒಂಟೆಯ ಮೇಲೆ ಕೂರಿಸಿ ಮೆರೆಸಿದೆಯಂತೆ! ಶಿಷ್ಯ ಅಂದರೆ ಹಾಗಿರಬೇಕು ಮಾರಾಯ’ ಎಂದರು. ಮಾಷ್ಟ್ರು ಊರಿಡೀ ಹಾಗೆಯೇ ಹೇಳಿದ್ದರು. ಶಾಲೆಯವರು ಅವರನ್ನು ಕರೆಸಿ ಮಕ್ಕಳ ಮುಂದೆ ಮಾತಾಡಿಸಿದ್ದರಂತೆ. ಏಳುವಾಗ ಹಿಂದಿನ ಕಾಲು ಮೊದಲು ಏಳ್ತದೆ, ಮುಂದಕ್ಕೆ ಬಿದ್ದ ಹಾಗೆ ಆಗ್ತದೆ ಎಂದು ಅಭಿನಯಿಸಿ ತೋರಿಸಿದ್ದರಂತೆ. ಅವರು ಒಂಟೆಯ ಮೇಲಿದ್ದದ್ದು ಅಷ್ಟು ಹೊತ್ತು ಮಾತ್ರ. ಉಳಿದದ್ದನ್ನೆಲ್ಲ ನನಗೋಸ್ಕರ ಕಲ್ಪಿಸಿಕೊಂಡಿದ್ದರು. ಆ ಸಲ ನಾನು ನರಿಕೊಂಬಿನ ಅವರ ಮನೆಗೆ ಹೋಗಲೇ ಇಲ್ಲ. ಬಿಡುವಿಲ್ಲ ಎಂದು ಮನೆಯಲ್ಲಿ ಹೇಳಿದೆ.

ಕೊನೆಗೆ ನೋಡಿದ್ದು ಬೆಳ್ತಂಗಡಿಯಲ್ಲಿ, ಅವರ ಮಗಳ ಮನೆಯಲ್ಲಿ. ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂದಿತ್ತು. ಈ ಸಲ ಹೇಳಿಯೇ ತೀರಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಮಂಚದ ಬಳಿ ಕೂತು ‘ಮಾಷ್ಟ್ರೇ, ಆ ದಿನ ನಾನು...’ ಎಂದು ಶುರುಮಾಡಿದೆ. ಅವರು ಮೆಲ್ಲನೆ ಕೈ ಎತ್ತಿ, ‘ನಿನ್ನ ಊಟ ಆಯ್ತಾ?’ ಎಂದು ಕೇಳಿದರು.

‘ಆಯ್ತು’ ಎಂದೆ.

ಊಟ ಆಗಿರಲಿಲ್ಲ. ತಪ್ಪಿಸಿಕೊಳ್ಳಲು ಅವರು ಇನ್ನೊಮ್ಮೆ ದಾರಿ ಮಾಡಿಕೊಟ್ಟರು, ನಾನು ಇನ್ನೊಮ್ಮೆ ಅದರಲ್ಲೇ ನುಸುಳಿದೆ. ಎದೆ ಹಗುರಾಯಿತು ಕೂಡ. ಮರಳಿನಲ್ಲಿ ಆಡಿದ ಮಾತಿಗಿಂತ ಆ ಹಗುರವೇ ಇಂದು ನನ್ನನ್ನು ಹೆಚ್ಚು ಸುಡುತ್ತದೆ. ಹದಿನೈದು ದಿನಗಳಲ್ಲಿ ಅವರು ಹೋದರು.

ಈಗ ನನಗೆ ಅವರ ಆಗಿನ ವಯಸ್ಸಿಗಿಂತ ಎಷ್ಟೋ ಹೆಚ್ಚು. ಮಾಷ್ಟ್ರಮ್ಮ ಇಲ್ಲ, ಆ ಮಗಳೂ ಇಲ್ಲ. ಇದನ್ನು ಹೇಳಿ ಕಾಲು ಹಿಡಿಯಲು ಆ ಮನೆಯವರು ಯಾರೂ ಉಳಿದಿಲ್ಲ. ಸಭೆಗಳಲ್ಲಿ, ಮದುವೆಮನೆಗಳಲ್ಲಿ, ಅವರು ನನ್ನ ಗುರುಗಳು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವರು ಬದುಕಿರುವಾಗ, ಹೊರಗಿನವರ ಎದುರಿಗೆ, ಅವರ ಕಿವಿಗೆ ಬೀಳುವಂತೆ, ‘ಇವರು ನನ್ನ ಮಾಷ್ಟ್ರು’ ಎಂದು ಒಮ್ಮೆಯೂ ಹೇಳಲಿಲ್ಲ.