ಪುಕ್ಕಟೆ ಮುಖ

ನಲವತ್ತು ವರ್ಷ ಕೋಟು ಹೊಲಿದ ಹೆಂಗಸಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕೈ ನಡುಗುವ ಕಾಯಿಲೆ ಬಂತು. ಬಂದದ್ದು ಅವಳೊಬ್ಬಳಿಗೆ ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು. ಹಿಂದಿನ ವಾರವಷ್ಟೇ ಕೋಟಿನ ಬಟ್ಟೆ ಕೊಟ್ಟು ಹೋಗಿದ್ದ ಮೇಷ್ಟ್ರು ಅಂಗಡಿಗೆ ಬಂದು ಅದನ್ನು ವಾಪಸ್ ಕೇಳಿದರು.

"ಮೊದ್ಲು ಆರೋಗ್ಯ ನೋಡ್ಕೊಳ್ಳಿ ದೊಡ್ಡಮ್ಮ. ಹೊಲಿಗೆ ಎಲ್ಲಿಗೆ ಓಡಿಹೋಗುತ್ತೆ?"

ಬೀದಿಗೆಲ್ಲ ಅವಳು ದೊಡ್ಡಮ್ಮನೇ. "ನನಗೇನಾಗಿದೆ ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ!" ಅಂದಳು. ಮೇಷ್ಟ್ರು ಬಸ್ ಸ್ಟಾಪಿನ ಕಡೆ ಕೈ ತೋರಿಸಿ, ಬಟ್ಟೆ ಕಂಕುಳಲ್ಲಿಟ್ಟುಕೊಂಡು ಮೆಲ್ಲಗೆ ಜಾರಿಕೊಂಡರು. ಎರಡು ದಿನದಲ್ಲಿ ಹೀಗೆ ಬಟ್ಟೆ ವಾಪಸ್ ಒಯ್ದವರಲ್ಲಿ ಅವರು ಮೂರನೆಯವರು.

ಬಸ್ ಸ್ಟಾಪಿನಲ್ಲಿ, ಕಂಬಗಳ ಮೇಲೆ ಆಳೆತ್ತರದ ಫ್ಲೆಕ್ಸ್ ಬೋರ್ಡು. ಅದರಲ್ಲಿ ಸಾಕ್ಷಾತ್ ದೊಡ್ಡಮ್ಮ, ಕಣ್ಣು ಕಿರಿದು ಮಾಡಿ, ತುಟಿ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಮೇಲೆ ಕೆಂಪಕ್ಷರ: 'ಕೈ ನಡುಗುತ್ತಿದೆಯೇ? ಇಂದೇ ಬನ್ನಿ.' ಕೆಳಗೆ ನರರೋಗದ ಆಸ್ಪತ್ರೆಯ ವಿಳಾಸ. ಸಾಲದ್ದಕ್ಕೆ ಬೆರಳುಗಳ ಸುತ್ತ ಅಂಕುಡೊಂಕು ಗೆರೆ ಬೇರೆ ಎಳೆದಿದ್ದರು. ದೊಡ್ಡಮ್ಮ ಅದರೆದುರು ನಿಂತು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಅವಳ ಅನ್ನ ಇದ್ದದ್ದೇ ಆ ಬೆರಳುಗಳಲ್ಲಿ.

ಫೋಟೋ ತೆಗೆದದ್ದು ಸ್ಟುಡಿಯೋ ಇಟ್ಟುಕೊಂಡಿದ್ದ ತಂಗಿಯ ಮಗಳು. ದೊಡ್ಡಮ್ಮ ನೇರ ಅಲ್ಲಿಗೇ ಹೋದಳು.

"ನಾನೇ ಹಾಕಿದ್ದು ದೊಡ್ಡಮ್ಮ, ಪುಕ್ಕಟೆ ಫೋಟೋ ಕೊಡೋ ಒಂದು ವೆಬ್ ಸೈಟಿಗೆ. ಅಷ್ಟು ಚೆನ್ನಾಗಿ ಬಂದಿತ್ತು, ನಾಲ್ಕು ಜನ ನೋಡ್ಲಿ ಅಂತ."

"ನನ್ನನ್ನೊಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಸೈಟಿನವರು ಕೇಳಿದ್ರು, ಫೋಟೋದಲ್ಲಿರೋರ ಒಪ್ಪಿಗೆ ಇದೆಯಾ ಅಂತ. ನಮ್ಮ ದೊಡ್ಡಮ್ಮ ತಾನೇ ಅಂತ ಹೌದು ಒತ್ತಿಬಿಟ್ಟೆ."

ಹೊರಗಿನವರನ್ನಾದರೆ ಹತ್ತು ಸಲ ಕೇಳುತ್ತೇವೆ, ಮನೆಯವರನ್ನು ಯಾರು ಕೇಳುತ್ತಾರೆ ಹೇಳಿ! ದೊಡ್ಡಮ್ಮ ಅವಳ ಗ್ರಹಚಾರ ಬಿಡಿಸಿದಳು. ಹುಡುಗಿ ಕಣ್ಣೊರೆಸಿಕೊಂಡು ಫೋಟೋ ಅಳಿಸಿದಳು. ಆದರೆ ಆಗಲೇ ಇಳಿಸಿಕೊಂಡವರ ಹತ್ತಿರ ಅದು ಇದ್ದೇ ಇರುತ್ತದಲ್ಲ. ಆಮೇಲೆ ದೊಡ್ಡಮ್ಮ ಸೈಟಿನ ನಿಯಮಗಳನ್ನು ಒಂದೂ ಬಿಡದೆ ಓದಿಸಿದಳು. ಯಾರನ್ನೂ ಕೇಳಬೇಕಿಲ್ಲ, ತೆಗೆದವರ ಹೆಸರು ಹಾಕಬೇಕಿಲ್ಲ, ಜಾಹೀರಾತಿಗೂ ಬಳಸಬಹುದು. ಹುಡುಗಿಯ ದನಿ ಕುಗ್ಗುತ್ತಾ ಹೋಯಿತು. ಕೊನೆಯ ಹತ್ತಿರ ಸಣ್ಣ ಅಕ್ಷರದಲ್ಲಿ ಇನ್ನೊಂದಿತ್ತು: ಗುರುತು ಸಿಗುವ ವ್ಯಕ್ತಿಯನ್ನು ರೋಗಿಯೆಂಬಂತೆ, ಮಾನ ಹೋಗುವಂತೆ ತೋರಿಸಕೂಡದು.

"ಅದನ್ನ ಇನ್ನೊಂದ್ಸಲ ಓದು" ಅಂದಳು ದೊಡ್ಡಮ್ಮ. "ನಡಿ."

ಬೋರ್ಡು ಮಾಡಿದ ಅಂಗಡಿಯವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಅದು ಫ್ರೀ ಫೋಟೋ ಅಮ್ಮ. ಯಾರು ಬೇಕಾದ್ರೂ ಹಾಕ್ಕೋಬಹುದು."

"ನಿಯಮ ಎಷ್ಟು ಓದಿದೆ?"

"ಫ್ರೀ ಅಂತ ದೊಡ್ಡದಾಗಿ ಬರೆದಿತ್ತಲ್ಲ, ಇನ್ನೇನು ಓದೋದು?"

"ಫೋಟೋ ಫ್ರೀ ಇರಬಹುದು ಕಣಪ್ಪಾ. ನನ್ನ ಕೈಗೆ ಇಲ್ಲದ ರೋಗ ಅಂಟಿಸೋದೂ ಫ್ರೀನಾ?"

ತಂಗಿಯ ಮಗಳು ಫೋನು ಮುಂದೆ ಹಿಡಿದಳು. ಅವನು ಓದಿದ, ಕತ್ತು ಕೆರೆದುಕೊಂಡ, ಆಸ್ಪತ್ರೆಗೆ ಫೋನು ಮಾಡಿದ. ಅಲ್ಲಿಯವರಿಗೂ ನಿಯಮ ಕೇಳಿ ಗಾಬರಿಯಾಯಿತು.

"ತಪ್ಪಾಯ್ತಂತೆ ಅಮ್ಮ. ಬೋರ್ಡು ಏನು ಬೇಕಾದ್ರೂ ಮಾಡ್ಕೊಳ್ಳಿ ಅಂದ್ರು. ಜನ ಕಮ್ಮಿಯಾದ ಮೇಲೆ ಸದ್ದಿಲ್ಲದೆ ಇಳಿಸಿಬಿಡ್ತೀನಿ."

"ಸದ್ದಿಲ್ಲದೆ ಯಾಕೆ? ಹಾಕಿದ್ದನ್ನ ಊರೆಲ್ಲ ನೋಡಿದೆ. ಇಳಿಯೋದನ್ನೂ ನೋಡ್ಲಿ. ಏಣಿ ತಗೊಂಡು ಬಾ."

ಸಂಜೆ ಐದೂವರೆ. ಕೆಲಸ ಬಿಟ್ಟವರಿಂದ ಬಸ್ ಸ್ಟಾಪು ಗಿಜಿಗುಡುತ್ತಿತ್ತು. ಅಂಗಡಿಯವನು ಏಣಿ ಹಿಡಿದ, ದೊಡ್ಡಮ್ಮ ಕತ್ತರಿ ಹಿಡಿದು ಹತ್ತಿದಳು. ಗುರುತಿಗೆಂದು ಗೆರೆಯನ್ನೂ ಎಳೆದುಕೊಳ್ಳಲಿಲ್ಲ. ಕೂದಲಿನ ಅಂಚಿನಿಂದ ಶುರುಮಾಡಿ ಕಿವಿ, ಗಲ್ಲ, ಭುಜ ಸುತ್ತಿ, ಒಂದೊಂದು ಬೆರಳನ್ನೂ ಬಿಡಿಸಿ, ಕೊನೆಗೆ ಆ ಸೂಜಿಯ ಎರಡೂ ಬದಿಗೆ ಕತ್ತರಿ ಓಡಿಸಿದಳು. ಅಂಚು ಒಂದು ಕಡೆಯೂ ಹಲ್ಲುಹಲ್ಲಾಗಲಿಲ್ಲ. ಬಂದ ಬಸ್ಸನ್ನು ಯಾರೂ ಹತ್ತಲಿಲ್ಲ.

ಕೊನೆಯ ತುದಿ ಕತ್ತರಿಸುವಾಗ ಏಣಿ ಗಡಗಡ ಅಂದಿತು. ದೊಡ್ಡಮ್ಮ ಕೆಳಗೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಗಟ್ಟಿಯಾಗಿ ಹಿಡ್ಕೊಳ್ಳಪ್ಪಾ. ನಡುಗ್ತಿರೋದು ನಿನ್ನ ಕೈ."